ಕಿಟ್ ಕಟ್ಟುವ ಗಮ್ಮತ್ತು: ಟಾಮಿಯಾ ಜೀಪಿಗೆ ಫುಲ್ ಮಾರ್ಕು, ಮಿಗ್‌ಗೆ ಸ್ವಲ್ಪ ಕಮ್ಮಿ

ನಮ್ಮ ಚಾವಡಿಯ ಗಾಜಿನ ಕಪಾಟಿನಲ್ಲಿ ಮೊದಲು ಅಮ್ಮನ ಪಿಂಗಾಣಿ ಕಪ್ಪುಗಳು ಇದ್ದವು. ಈಗ ಅಲ್ಲಿ ಪ್ಲಾಸ್ಟಿಕ್ ಕಿಟ್ಟಿನ ತುಂಡುಗಳನ್ನು ಜೋಡಿಸಿ ನಾನೇ ಕಟ್ಟಿದ ಪುಟ್ಟ ಮಾಡೆಲ್ಲುಗಳು, ಏಳು ವಿಮಾನ, ಎರಡು ಟ್ಯಾಂಕು, ಒಂದು ಜೀಪು ಉಂಟು, ಕಪ್ಪುಗಳು ಅಟ್ಟಕ್ಕೆ ಹೋದವು, ಆ ವಿಷಯ ಈಗ ಬೇಡ. ಮನೆಗೆ ಬಂದವರೆಲ್ಲ ಕೇಳುದು ಎರಡೇ ಪ್ರಶ್ನೆ, ಬ್ಯಾಟರಿ ಹಾಕಿದ್ರೆ ಹೋಗ್ತದಾ, ಮತ್ತೆ ಒಟ್ಟು ಎಷ್ಟು ಖರ್ಚಾಯ್ತು. ಮೊದಲನೇದಕ್ಕೆ ಇಲ್ಲ ಅಂತೇನೆ, ಎರಡನೇದಕ್ಕೆ ಹೆಂಡತಿ ಹತ್ತಿರ ಇದ್ರೆ ಸುಳ್ಳು ಹೇಳ್ತೇನೆ.

ಮೊನ್ನೆ ಕುಂಬಳೆಯ ದೋಸ್ತಿ ಒಬ್ಬ ಮಾತ್ರ ಸರಿಯಾದ ಪ್ರಶ್ನೆ ಕೇಳಿದ. ಅವನ ಮಗ ಎಂಟನೇ ಕ್ಲಾಸು, ಮೊಬೈಲು ಬಿಡಿಸ್ಲಿಕ್ಕೆ ಒಂದು ಹವ್ಯಾಸ ಬೇಕಂತೆ, "ಇಷ್ಟು ಕಟ್ಟಿದ್ದೀಯಲ್ಲ, ಕಟ್ಟುವಾಗ ನಿಂಗೆ ಜಾಸ್ತಿ ಗಮ್ಮತ್ತು ಆದದ್ದು ಯಾವುದು?" ಅಂತ. ನೋಡ್ಲಿಕ್ಕೆ ಚಂದ ಇರುದು ಯಾವುದು ಅಂತ ಅಲ್ಲ, ಕಟ್ಟುವಾಗ ಗಮ್ಮತ್ತು ಯಾವುದು ಅಂತ. ಅದು ಬೇರೆ, ಇದು ಬೇರೆ ಅಂತ ನಂಗೆ ಗೊತ್ತಾಗ್ಲಿಕ್ಕೆ ಆರು ವರ್ಷ ಹಿಡಿಯಿತು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೇನೆ, ಪುರುಸೊತ್ತು ಇದ್ದವರು ಓದಿ.

ಶುರು ಆದದ್ದು 2020ರಲ್ಲಿ. ನನ್ನ ಮನೆ ಕಾಸರಗೋಡಿನ ಕಡೆ, ಕೆಲಸ ಮಂಗಳೂರಲ್ಲಿ, ದಿನಾ ಹೋಗಿ ಬರುದು. ಆ ಮಾರ್ಚಲ್ಲಿ ಲಾಕ್‌ಡೌನ್ ಆಗಿ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಬಂದಾಯ್ತು, ಒಳರಸ್ತೆಗಳಿಗೆಲ್ಲ ಮಣ್ಣು ತಂದು ಸುರಿದ್ರು, ನಾನು ಮನೆಯಲ್ಲಿ ಬಾಕಿ. ಬೆಂಗಳೂರಿನ ಭಾವ ಮಕ್ಕಳಿಗೆ ಅಂತ ತಂದು ಕೊಟ್ಟ ಏರ್‌ಫಿಕ್ಸ್ ಕಂಪೆನಿಯ ಸ್ಪಿಟ್‌ಫೈರ್ ಯುದ್ಧವಿಮಾನದ ಪೆಟ್ಟಿಗೆ ಅಟ್ಟದಲ್ಲಿ ಇತ್ತು, ಅದನ್ನು ಇಳಿಸಿದೆ. 1/72 ಸ್ಕೇಲು, ಸ್ಟಾರ್ಟರ್ ಸೆಟ್, ಅಂದ್ರೆ ಪೆಟ್ಟಿಗೆಯಲ್ಲೇ ಪುಟ್ಟ ಪುಟ್ಟ ಡಬ್ಬಿಯಲ್ಲಿ ಪೇಂಟು, ಬ್ರಷ್ಷು, ಗಮ್ಮು ಎಲ್ಲ ಇರ್ತದೆ. 1/72 ಅಂದ್ರೆ ನಿಜವಾದ ಆರು ಅಡಿ ಇಲ್ಲಿ ಒಂದು ಇಂಚು, ಹಾಗೆ ಹನ್ನೊಂದು ಕಾಲು ಮೀಟರ್ ರೆಕ್ಕೆಯ ವಿಮಾನ ಒಂದು ಗೇಣಿಗಿಂತಲೂ ಸಣ್ಣದಾಗಿ ಅಂಗೈಯಲ್ಲಿ ಕೂರ್ತದೆ. ಏರ್‌ಫಿಕ್ಸ್ ಅಂದ್ರೆ 1939ರಲ್ಲಿ ಶುರುವಾದ ಇಂಗ್ಲೆಂಡಿನ ಕಂಪೆನಿ, ಒಂದು ಕಾಲದಲ್ಲಿ ಬಾಚಣಿಗೆ ಮಾಡುದೇ ಅವರ ದೊಡ್ಡ ವ್ಯಾಪಾರ, ಕಿಟ್ಟು ಎಲ್ಲ ಮತ್ತೆ ಬಂದದ್ದು. ಆ ಸ್ಪಿಟ್‌ಫೈರ್‌ನ ರೆಕ್ಕೆಯಲ್ಲಿ ಇವತ್ತಿಗೂ ನನ್ನ ಬಲಗೈ ಹೆಬ್ಬೆರಳಿನ ಗುರುತು ಉಂಟು, ಗಮ್ಮು ತಾಗಿದ ಬೆರಳಲ್ಲಿ ಹಿಡಿದದ್ದು, ಪ್ಲಾಸ್ಟಿಕ್ ಕರಗಿ ಗೆರೆಗೆರೆಯಾಗಿ ಅಚ್ಚು ಬಿದ್ದಿದೆ, ಆಧಾರ್ ಮಾಡ್ಲಿಕ್ಕೆ ಸಾಕು. ಹತ್ತರಲ್ಲಿ ಏಳು ಕೊಡ್ತೇನೆ. ಮೂರು ದಿನದಲ್ಲಿ ಮುಗೀತದೆ, ಹಾಳಾದ್ರೂ ಬೇಜಾರಿಲ್ಲ. ಪೆಟ್ಟಿಗೆಯ ಜೊತೆ ಬರುವ ಬ್ರಷ್ಷನ್ನು ಮಾತ್ರ ಮಕ್ಕಳಿಗೆ ಕೊಟ್ಟುಬಿಡಿ.

ಮತ್ತೆ ಹುಚ್ಚು ಹಿಡಿಯಿತು. ಹುಚ್ಚು ಹಿಡಿದವ ಸೀದಾ ಕಷ್ಟದ್ದಕ್ಕೇ ಕೈ ಹಾಕುದಲ್ವಾ, ಎಡ್ವರ್ಡ್ ಕಂಪೆನಿಯ 1/48 ಮಿಗ್-21 ತರಿಸಿದೆ. ಎಡ್ವರ್ಡ್ ಚೆಕ್ ದೇಶದವರು, ವಿಮಾನದ ಕಿಟ್ಟಲ್ಲಿ ಅವರ ಕೆಲಸ ನೋಡಿದ್ರೆ ಕೈ ಮುಗೀಬೇಕು. ಮೈಮೇಲಿನ ಒಂದೊಂದು ರಿವೆಟ್ಟು ಸೂಜಿಯಲ್ಲಿ ಚುಚ್ಚಿದ ಹಾಗೆ ಉಂಟು. ಪೆಟ್ಟಿಗೆ ಎರಡು ವರ್ಷ ಹಾಗೇ ಇತ್ತು, 2025 ಸಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ನಮ್ಮ ವಾಯುಸೇನೆ ಮಿಗ್-21ಕ್ಕೆ ವಿದಾಯ ಹೇಳಿತಲ್ಲ, 1963ರಿಂದ ಹಾರಿದ ವಿಮಾನ, ಅದನ್ನು ಟೀವಿಯಲ್ಲಿ ನೋಡಿ ಆ ರಾತ್ರಿಯೇ ಪೆಟ್ಟಿಗೆ ಒಡೆದೆ.

ಗುಣಮಟ್ಟಕ್ಕೆ ಹತ್ತಕ್ಕೆ ಹತ್ತು, ಗಮ್ಮತ್ತಿಗೆ ಆರು. ಯಾಕೆ ಹೇಳ್ತೇನೆ. ಕಾಕ್‌ಪಿಟ್ಟಿನ ಒಳಗಿನ ಸ್ವಿಚ್ಚು, ಬೆಲ್ಟಿನ ಬಕಲ್ಲು ಎಲ್ಲ ತೆಳು ಹಿತ್ತಾಳೆ ತಗಡಿನಲ್ಲಿ ಬರ್ತದೆ, ಅದಕ್ಕೆ ಫೋಟೋ ಎಚ್ ಅಂತಾರೆ. ತಗಡಿಂದ ಬ್ಲೇಡಲ್ಲಿ ಬಿಡಿಸಿ, ಚಿಮ್ಮಟದಲ್ಲಿ ಹಿಡಿದು, ಸೂಪರ್ ಗ್ಲೂ ಹಾಕಿ ಅಂಟಿಸ್ಬೇಕು. ಎರಡು ಮಿಲಿಮೀಟರಿನ ಒಂದು ಲಿವರ್ ಚಿಮ್ಮಟದಿಂದ "ಟಿಂಗ್" ಅಂತ ಹಾರಿತು. ನಮ್ಮದು ಕಾವಿ ನೆಲ, ಕೆಂಪಿನ ಮೇಲೆ ಹಿತ್ತಾಳೆ ಹೊಳೀತದೆ ಅಂತ ಧೈರ್ಯ ಇತ್ತು, ಟಾರ್ಚು ಹಿಡಿದು ನೆಲಕ್ಕೆ ಕೆನ್ನೆ ಇಟ್ಟು ಮುಕ್ಕಾಲು ಗಂಟೆ ಹುಡುಕಿದೆ. ಎರಡು ವರ್ಷದ ಹಿಂದೆ ಕಳೆದುಹೋದ ಹೆಂಡತಿಯ ಮೂಗುಬೊಟ್ಟಿನ ತಿರುಪು ಸಿಕ್ಕಿತು, ಲಿವರ್ ಸಿಕ್ಕಲಿಲ್ಲ. ಮನೆಯಲ್ಲಿ ಮರ್ಯಾದೆ ಸ್ವಲ್ಪ ಜಾಸ್ತಿಯಾಯ್ತು, ಅದೊಂದು ಲಾಭ.

ಮತ್ತೆ ಡಿಕಾಲು. ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಚಿತ್ರಗಳು. ಭಾರತದ ರೌಂಡೆಲ್ಲು, ಅಂದ್ರೆ ವಾಯುಸೇನೆಯ ಉರುಟು ಗುರುತು, ಹೊರಗೆ ಕೇಸರಿ ನಡುವೆ ಬಿಳಿ ಒಳಗೆ ಹಸಿರು, ಅದು ಹಾಕುವಾಗ ಕುಶಿಯೇ. ಆದ್ರೆ ಮಿಗ್ಗಿನ ಮೈ ತುಂಬ ಸಣ್ಣ ಸಣ್ಣ ಸೂಚನೆಗಳು, ಇಲ್ಲಿ ಮೆಟ್ಟಬೇಡಿ, ಇಲ್ಲಿ ಎಣ್ಣೆ ಹಾಕಿ ಅಂತ, ಓದ್ಲಿಕ್ಕೆ ಭೂತಕನ್ನಡಿ ಬೇಕು, ಒಂದೊಂದನ್ನೂ ಬೇರೆ ಬೇರೆ ನೆನೆಸಿ ಜಾರಿಸಿ ಕೂರಿಸ್ಬೇಕು. ಎರಡು ವಾರ ಸಂಜೆ ಅದೇ ಕೆಲಸ. ಕೊನೆಗೆ ಮುಗಿಸ್ಬೇಕಲ್ಲ ಅಂತ ಮಾಡಿದ್ದು, ಆಫೀಸಿನ ಫೈಲು ಕ್ಲೋಸ್ ಮಾಡಿದ ಹಾಗೆ. ಕಪಾಟಿನಲ್ಲಿ ಎಲ್ಲರೂ ಮೊದಲು ನೋಡುದು ಅದನ್ನೇ, ಅದು ನಿಜ. ಆದ್ರೆ ಇನ್ನೊಮ್ಮೆ ಕಟ್ತೀಯಾ ಕೇಳಿದ್ರೆ ನಾನು ತೋಟಕ್ಕೆ ಕೆಲಸ ಉಂಟು ಅಂತ ಎದ್ದು ಹೋಗ್ತೇನೆ.

ಈಗ ಜೀಪು.

ಟಾಮಿಯಾದ 1/35 ವಿಲ್ಲೀಸ್ ಎಂಬಿ, ಎರಡನೇ ಮಹಾಯುದ್ಧದ ಅಮೆರಿಕನ್ ಜೀಪು, ಈ ಕಿಟ್ಟು ಮೊದಲು ಬಂದದ್ದು 1997ರಲ್ಲಿ, ಇವತ್ತಿಗೂ ಮಾರ್ಕೆಟಲ್ಲಿ ಉಂಟು. ಟಾಮಿಯಾ ಜಪಾನಿನ ಶಿಜುವೊಕದ್ದು, 1946ರಲ್ಲಿ ಮರದ ಮಿಲ್ಲು ಆಗಿ ಶುರುವಾದದ್ದು. ಅಂದ ಹಾಗೆ, ಬ್ಯಾಟರಿ ಹಾಕಿದ್ರೆ ಹೋಗ್ತದಾ ಅಂತ ಕೇಳುವವರನ್ನು ನಾನು ನಗಾಡುದು ಬಿಟ್ಟಿದ್ದೇನೆ, ಯಾಕೆಂದ್ರೆ ಈ 1/35 ಎಂಬ ವಿಚಿತ್ರ ಲೆಕ್ಕ ಬಂದದ್ದೇ ಬ್ಯಾಟರಿಯಿಂದ. 1961ರ ಸುಮಾರಿಗೆ ಟಾಮಿಯಾದವರು ಮೋಟರಿನಲ್ಲಿ ಓಡುವ ಪ್ಯಾಂಥರ್ ಟ್ಯಾಂಕ್ ಮಾಡಿದ್ರು, ಒಳಗೆ ಮೋಟರು ಬ್ಯಾಟರಿ ಹಿಡಿಯುವಷ್ಟು ದೊಡ್ಡ ಮಾಡಿದ್ರು, ಮತ್ತೆ ಅಳೆದು ನೋಡಿದ್ರೆ ಅಸಲಿಯ ಮೂವತ್ತೈದರಲ್ಲಿ ಒಂದು ಪಾಲು ಆಗಿತ್ತು. ಈಗ ಲೋಕ ಇಡೀ ಟ್ಯಾಂಕು, ಜೀಪು ಕಟ್ಟುದು ಹೆಚ್ಚಾಗಿ ಆ ಲೆಕ್ಕದಲ್ಲೇ.

ಪೆಟ್ಟಿಗೆ ಒಡೆದ ಕೂಡಲೇ ಟಾಮಿಯಾ ಅಂದ್ರೆ ಎಂತ ಅಂತ ಗೊತ್ತಾಗ್ತದೆ. ಪಾರ್ಟುಗಳ ಅಂಚಿನಲ್ಲಿ ಹೆಚ್ಚುವರಿ ಪ್ಲಾಸ್ಟಿಕ್ ಹರಿದದ್ದು ಇಲ್ಲ, ಚಾಸಿಸ್ಸಿಗೆ ಆಕ್ಸಲ್ಲು ಇಟ್ರೆ ಗಮ್ಮು ಹಾಕುವ ಮೊದಲೇ ಕೂತುಕೊಳ್ತದೆ. ಅವರದ್ದೇ ಎಕ್ಸ್‌ಟ್ರಾ ಥಿನ್ ಸಿಮೆಂಟು, ಹಸಿರು ಮುಚ್ಚಳದ ಚೌಕ ಬಾಟಲಿ, ಅದರ ಸಪೂರ ಬ್ರಷ್ಷನ್ನು ಸಂದಿಗೆ ತಾಗಿಸಿದ್ರೆ ಸಾಕು, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ತನ್ನಷ್ಟಕ್ಕೇ ಸಂದಿ ಉದ್ದಕ್ಕೂ ಓಡ್ತದೆ. ಅದು ಅಂಟು ಅಲ್ಲ, ಎರಡೂ ಬದಿಯ ಪ್ಲಾಸ್ಟಿಕನ್ನು ಕರಗಿಸಿ ಒಂದು ಮಾಡುದು, ಒಣಗಿದ ಮೇಲೆ ಬಿಡಿಸ್ಲಿಕ್ಕೆ ಆಗುದಿಲ್ಲ. ಪುಟ್ಟ ಇಂಜಿನ್ನು ಬೇರೆ ಉಂಟು, ನಾಲ್ಕು ಸಿಲಿಂಡರಿನದ್ದು, ಅಸಲಿ 60 ಕುದುರೆ ಶಕ್ತಿಯದ್ದು. ಹಾಗೇ ಪೆಟ್ಟಿಗೆಯಲ್ಲಿ ಇದ್ದ ಹಾಗೆ ಕಟ್ಟಿದ್ರೆ ಎರಡು ಭಾನುವಾರದ ಕೆಲಸ, ಉದ್ದ ಹತ್ತು ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ.

ನಾನು ಪೆಟ್ಟಿಗೆಯಲ್ಲಿ ಇದ್ದ ಹಾಗೆ ಕಟ್ಟಲಿಲ್ಲ. ನಮ್ಮ ಸೋದರಮಾವ ಪೆರ್ಲದ ಕಡೆ ಬಾಡಿಗೆ ಜೀಪು ಬಿಡ್ತಿದ್ರು. ಬಸ್ಸು ದಿನಕ್ಕೆ ಎರಡು ಇದ್ದ ಕಾಲ, ಜೀಪೇ ಎಲ್ಲ, ಶಾಲೆಯ ಮಕ್ಕಳು, ಅಡಿಕೆ ಗೋಣಿ, ಬಾಣಂತಿ, ಮದುವೆಯ ಪಾತ್ರೆ. ಹಿಂದೆ ಎಷ್ಟು ಜನ ಅಂತ ಲೆಕ್ಕ ಇಲ್ಲ, ಮಾವ ಅರ್ಧ ಹೊರಗೆ ಕೂತು ಬಿಡುದು, ಗೇರ್ ಹಾಕ್ಬೇಕಾದ್ರೆ ಹತ್ತಿರದವರು ಮೊಣಕಾಲು ಎತ್ತಬೇಕು. ಟಾಮಿಯಾದ ಪೆಟ್ಟಿಗೆ ಮೇಲಿನ ಚಿತ್ರ ನೋಡಿದಾಗ ನಂಗೆ ನಾರ್ಮಂಡಿಯ ಯುದ್ಧ ಎಲ್ಲ ನೆನಪಾಗ್ಲೇ ಇಲ್ಲ. ಮಾವನ ಜೀಪು ಮಾಡುವ ಅಂತ ಅಲ್ಲೇ ತೀರ್ಮಾನ ಆಯ್ತು.

ಕೆಲಸ ಎಷ್ಟು ಉಂಟು ಅಂತ ಮತ್ತೆ ಗೊತ್ತಾದದ್ದು. ಮಹೀಂದ್ರ ಜೀಪು ವಿಲ್ಲೀಸಿನ ಲೈಸೆನ್ಸಲ್ಲೇ ಶುರುವಾದದ್ದು, 1947ರಲ್ಲಿ ಇಲ್ಲಿ ಜೋಡಿಸ್ಲಿಕ್ಕೆ ಸುರು ಮಾಡಿದ್ರು, ಆದ್ರೆ ನಾವು ನೋಡಿ ಬೆಳೆದದ್ದು ಸಿಜೆ-3ಬಿ ಮಾದರಿ. ಅದರ ಇಂಜಿನ್ನು ಎತ್ತರ, ಹಾಗಾಗಿ ಬಾನೆಟ್ಟೂ ಎತ್ತರ, ಮುಖ ಉದ್ದ ಆದ ಹಾಗೆ ಕಾಣ್ತದೆ. ಯುದ್ಧದ ಜೀಪಿನ ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು, ನಮ್ಮದರಲ್ಲಿ ಏಳು. ಅದರದ್ದು ಎಡಗಡೆ ಸ್ಟೇರಿಂಗು, ನಮ್ಮದು ಬಲಗಡೆ.

ಬಾನೆಟ್ಟನ್ನು ಮೂರು ಮಿಲಿಮೀಟರ್ ಎತ್ತರಿಸ್ಬೇಕಿತ್ತು. ಇದಕ್ಕೆ ಪ್ಲಾಸ್ಟಿಕ್ ಶೀಟು ಅಂಗಡಿಯಿಂದ ತರಿಸುದೇನೂ ಬೇಡ ಮಾರಾಯ್ರೆ, ಮೊಸರಿನ ಕಪ್ಪು, ಐಸ್‌ಕ್ರೀಮ್ ಕಪ್ಪು ಕವುಚಿ ನೋಡಿ, ಅಡಿಯಲ್ಲಿ ತ್ರಿಕೋನದೊಳಗೆ 6 ಅಂತ ಇದ್ರೆ ಅದು ಪಾಲಿಸ್ಟೈರೀನ್, ಕಿಟ್ಟಿನ ಜಾತಿಯದ್ದೇ, ಅದೇ ಸಿಮೆಂಟಿಗೆ ಕರಗಿ ಹಿಡೀತದೆ. 5 ಇದ್ರೆ ಬೇಡ, ಹಿಡಿಯುದಿಲ್ಲ. ಒಂದು ಮದುವೆ ಊಟದಲ್ಲಿ ನಾನು ಐಸ್‌ಕ್ರೀಮ್ ತಿನ್ನುವ ಮೊದಲು ಕಪ್ಪನ್ನು ತಲೆಮೇಲೆ ಎತ್ತಿ ಅಡಿ ನೋಡಿದ್ದಕ್ಕೆ ಎದುರು ಕೂತವರು ಎಕ್ಸ್‌ಪೈರಿ ಡೇಟಾ ಅಂತ ಕೇಳಿದ್ರು, ಅವರೂ ನೋಡಿದ್ರು, ಸಾಲಿಡೀ ನೋಡಿದ್ರು. ಜಾಲರಿಯನ್ನು ನಾಲ್ಕು ಸಲ ಮಾಡಿ ನಾಲ್ಕು ಸಲ ಬಿಸಾಡಿದೆ, ಐದನೇದು ಏಳು ಸೀಳೂ ಒಂದೇ ಅಗಲಕ್ಕೆ ಬಂತು, ಹೆಚ್ಚು ಹತ್ತಿರ ಹೋಗಿ ನೋಡದಿದ್ರೆ. ಡ್ಯಾಶ್‌ಬೋರ್ಡಿನ ಮೀಟರುಗಳನ್ನು ಈಚೆಯಿಂದ ಆಚೆಗೆ ಮಾಡಿ, ಸ್ಟೇರಿಂಗ್ ರಾಡಿಗೆ ಹೊಸ ತೂತು ಕೊರೆದು, ಹಳೇ ತೂತಿಗೆ ಎಂ-ಸೀಲ್ ತುಂಬಿ ಉಜ್ಜಿದೆ. ಹಿಂದಿನಿಂದ ಜನ ಹತ್ತಬೇಕಲ್ಲ, ಹಾಗಾಗಿ ಸ್ಟೆಪ್ನಿ ಹಿಂದಿನಿಂದ ತೆಗೆದು ಬದಿಗೆ ಹಾಕಿದೆ.

ಪೇಂಟಿನ ವಿಷಯದಲ್ಲಿ ಈ ಜೀಪಿನಷ್ಟು ಸುಖ ಯಾವುದರಲ್ಲೂ ಇಲ್ಲ. ಕಿಟ್ ಕಟ್ಟುವವರಿಗೆಲ್ಲ ಬ್ರಷ್ಷಿನ ಗೆರೆ ಕಾಣ್ಬಾರ್ದು ಅಂತ ತಲೆಬಿಸಿ, ಅದಕ್ಕೆ ಗಾಳಿಯಲ್ಲಿ ಪೇಂಟು ಸಿಂಪಡಿಸುವ ಏರ್‌ಬ್ರಷ್ಷು, ಕಂಪ್ರೆಸರ್ರು ಅಂತ ದುಡ್ಡು ಸುರಿಯುದು. ಮಾವ ಪ್ರತಿ ವರ್ಷ ಟೆಸ್ಟಿಗೆ ಹೋಗುವ ಮೊದಲು ಹಾರ್ಡ್‌ವೇರ್ ಅಂಗಡಿಯಿಂದ ಒಂದು ಲೀಟರ್ ಇನಾಮಲ್ ತಂದು ಜೀಪಿಗೆ ತಾವೇ ಬ್ರಷ್ಷಲ್ಲಿ ಬಳೀತಿದ್ರು, ಅಂಗಳದಲ್ಲಿ, ಮಡ್‌ಗಾರ್ಡಲ್ಲಿ ಇಳಿದ ಪೇಂಟಿನ ಹನಿ ಹಾಗೇ ಗಟ್ಟಿಯಾಗಿ ನಿಂತಿತ್ತು. ಹಾಗಾಗಿ ನನ್ನ ಜೀಪಿನ ಮೇಲೆ ಬ್ರಷ್ಷಿನ ಗೆರೆ ಕಂಡ್ರೆ ಅದು ತಪ್ಪಲ್ಲ, ಅದೇ ಸರಿ. ಒಂದು ಮಾತು, ಟಾಮಿಯಾದ ಅಕ್ರಿಲಿಕ್ ಪೇಂಟು ಏರ್‌ಬ್ರಷ್ಷಿಗೆ ಬೆಣ್ಣೆ, ಕೈಬ್ರಷ್ಷಿಗೆ ಬೇಡ, ಎರಡನೇ ಕೈ ಬಳಿಯುವಾಗ ಅಡಿಯ ಕೈಯನ್ನು ಎಬ್ಬಿಸಿಕೊಂಡು ಬರ್ತದೆ. ಬ್ರಷ್ಷಿಗೆ ಸ್ಪೇನಿನ ವಲ್ಲೆಹೋ ಒಳ್ಳೇದು, ನೀರಲ್ಲೇ ತೆಳು ಆಗ್ತದೆ, ವಾಸನೆ ಇಲ್ಲ.

ಟರ್ಪಾಲಿಗೆ ಟಿಶ್ಯೂ ಪೇಪರು, ಫೆವಿಕಾಲ್ ನೀರಲ್ಲಿ ಅದ್ದಿ ತಂತಿಯ ಫ್ರೇಮಿನ ಮೇಲೆ ಹೊದಿಸಿದೆ, ಒಣಗುವಾಗ ತನ್ನಷ್ಟಕ್ಕೇ ಜೋಲು ಬಿತ್ತು, ಮಳೆ ನೀರು ನಿಂತ ಟರ್ಪಾಲಿನ ಹಾಗೆಯೇ. ಧೂಳಿಗೆ ಅಂತ ಡಬ್ಬಿಯಲ್ಲಿ ಬಣ್ಣದ ಪುಡಿ ಮಾರ್ತಾರೆ, ಸಣ್ಣ ಡಬ್ಬಿಗೆ ನೂರಾರು ರೂಪಾಯಿ. ನಾನು ಮನೆ ಹಿಂದಿನ ಮುರಕಲ್ಲಿನ ಪುಡಿಯನ್ನು ಹಳೇ ಮುಂಡಿನ ಬಟ್ಟೆಯಲ್ಲಿ ಸೋಸಿದೆ, ಮೂರು ಸಲ. ಕೊನೆಗೆ ಉಳಿದದ್ದು ಮೈದಾಹಿಟ್ಟಿನಷ್ಟು ನುಣ್ಣಗೆ. ಅದನ್ನು ನೀರು ಫೆವಿಕಾಲಲ್ಲಿ ಕಲಸಿ ಚಕ್ರದ ಮೇಲೆ, ಮಡ್‌ಗಾರ್ಡಿನ ಒಳಗೆ ಹಳೇ ಟೂತ್‌ಬ್ರಷ್ಷಲ್ಲಿ ಚಿಮುಕಿಸಿದೆ. ಆ ಕೆಂಪು ಯಾವ ಕಂಪೆನಿಯ ಡಬ್ಬಿಯಲ್ಲೂ ಇಲ್ಲ, ಯಾಕೆಂದ್ರೆ ಅದು ಮಾವನ ಜೀಪಿನ ಚಕ್ರಕ್ಕೆ ಮೆತ್ತಿದ ಮಣ್ಣೇ. ಗಾಜಿನ ಮೇಲೆ "ಶ್ರೀ ಗಣೇಶ" ಅಂತ ಕನ್ನಡದಲ್ಲಿ ಬರೀಬೇಕಿತ್ತು, ಮಧೂರಿನ ಗಣಪತಿಯದ್ದು, ಅಕ್ಷರ ಎರಡು ಮಿಲಿಮೀಟರ್ ಎತ್ತರ. ಬ್ರಷ್ಷಿನ ಎಲ್ಲ ಕೂದಲು ಕತ್ತರಿಸಿ ನಾಲ್ಕೇ ಉಳಿಸಿ, ಉಸಿರು ಹಿಡಿದು ಬರೆದೆ. "ಶ್ರೀ"ಗೆ ಒಂದು ಸಂಜೆ ಹೋಯ್ತು. "ಣೇ"ಯ ಏತ್ವ ಸ್ವಲ್ಪ ಆಚೆ ಹೋಗಿ "ಗಣೀಶ" ಆದ ಹಾಗೆ ಕಾಣ್ತದೆ, ಮಾವನ ಜೀಪಲ್ಲೂ ಪೇಂಟರ್ ಏನೋ ಒಂದು ತಪ್ಪು ಬರೆದಿದ್ದ, ಇರ್ಲಿ.

ಆ ಗಾಜಿನದ್ದೇ ಒಂದು ಕತೆ ಉಂಟು. ಮೊದಲ ಗಾಜನ್ನು ಸೂಪರ್ ಗ್ಲೂ ಹಾಕಿ ಕೂರಿಸಿದ್ದೆ, ಬೆಳಿಗ್ಗೆ ನೋಡಿದ್ರೆ ಮಂಜು ಹಿಡಿದ ಹಾಗೆ ಬಿಳಿ. ಆ ಅಂಟಿನ ಆವಿ ಗಾಜಿನ ಮೇಲೆ ಕೂತು ಬಿಳಿಯಾಗುದು, ಉಜ್ಜಿದ್ರೂ ಪೂರ್ತಿ ಹೋಗುದಿಲ್ಲ. ಪಾರದರ್ಶಕ ಪಾರ್ಟಿಗೆ ಫೆವಿಕಾಲೇ ಬೇಕು, ಒಣಗಿದ ಮೇಲೆ ಕಾಣುದೇ ಇಲ್ಲ, ಜಾಸ್ತಿ ಆದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಎರಡನೇ ಗಾಜನ್ನು ಬಿಸ್ಕೆಟ್ ಪ್ಯಾಕಿನ ಒಳಗಿನ ತಟ್ಟೆ ಕತ್ತರಿಸಿ ಮಾಡಿದೆ.

ನಮ್ಮ ಊರಿನವರಿಗೆ ಮಾತ್ರ ಬೇಕಾದ ಒಂದು ವಿಷಯ ಮಳೆ. ಜೂನಿಂದ ಸಪ್ಟೆಂಬರ್ ತನಕ ಮ್ಯಾಟ್ ವಾರ್ನಿಶ್ ಸ್ಪ್ರೇ ಮುಟ್ಟಬೇಡಿ. ಸ್ಪ್ರೇಯ ಥಿನ್ನರು ಆವಿಯಾಗುವಾಗ ಮೇಲ್ಮೈ ತಣ್ಣಗಾಗ್ತದೆ, ಗಾಳಿಯಲ್ಲಿ ಇರುವ ತೇವ ಅಲ್ಲೇ ನೀರಾಗಿ ವಾರ್ನಿಶಿನ ಒಳಗೆ ಸಿಕ್ಕಿಬೀಳ್ತದೆ, ಇಡೀ ಮಾಡೆಲ್ಲು ಬೂದಿ ಬಳಿದ ಹಾಗೆ ಬಿಳಿಚಿಕೊಳ್ತದೆ. ನನ್ನ ಒಂದು ಟ್ಯಾಂಕು ಹಾಗೇ ಹೋದದ್ದು, ಈಗ ಅದನ್ನು ರಷ್ಯಾದ ಚಳಿಗಾಲದ್ದು ಅಂತ ಹೇಳಿಕೊಂಡು ತಿರುಗ್ತೇನೆ. ಅಡಿಕೆಗೆ ಮದ್ದು ಬಿಡುವವರಿಗೆ ಇದು ಹೊಸತಲ್ಲ, ಕೊಳೆರೋಗಕ್ಕೆ ಬೋರ್ಡೋ ಬಿಡ್ಲಿಕ್ಕೆ ಮಳೆ ಬಿಟ್ಟ ಹೊತ್ತು ಕಾಯುದಿಲ್ವಾ, ಹಾಗೆ ಇದಕ್ಕೂ ಬಿಸಿಲು ಬಿದ್ದ ಎರಡು ಗಂಟೆ ಕಾಯ್ಬೇಕು. ಕಟ್ಟುವ, ಉಜ್ಜುವ ಕೆಲಸ ಮಳೆಗಾಲಕ್ಕೆ, ಸ್ಪ್ರೇ ದೀಪಾವಳಿ ಕಳೆದ ಮೇಲೆ, ನಾನು ಈಗ ಹಾಗೆ ಮಾಡುದು.

ಸಿಕ್ಕುದೆಲ್ಲಿ ಅಂತ ಕೇಳ್ತೀರಿ. ಕಾಸರಗೋಡಲ್ಲಿ ನಂಗೆ ಎಲ್ಲೂ ಸಿಕ್ಕಿಲ್ಲ, ಆನ್‌ಲೈನೇ ಗತಿ. ಒಂದು ಕೊರಿಯರಿನವರು 671 ಅಂತ ಶುರುವಾಗುವ ಪಿನ್‌ಕೋಡ್ ನೋಡಿದ ಕೂಡಲೇ ನಿಮ್ಮಲ್ಲಿಗೆ ಸರ್ವಿಸ್ ಇಲ್ಲ ಅಂತಾರೆ, ಇನ್ನೊಬ್ಬರು ಬರ್ತಾರೆ, ಆದ್ರೆ ನನ್ನ ಒಂದು ಪೆಟ್ಟಿಗೆಯನ್ನು ಜುಲೈಯಲ್ಲಿ ಗೇಟಿನ ಮೇಲೆ ಇಟ್ಟು ಹೋದ್ರು, ಗೇಟಿನ ಮೇಲೆ! ಡಿಕಾಲ್ ಶೀಟು ಮನೆಯೊಳಗೆ ಬರುವ ಮೊದಲೇ ನೆನೆದು ಜಾರಿ ಪೆಟ್ಟಿಗೆಗೆ ಅಂಟಿತ್ತು. ಕಂಪ್ಲೇಂಟ್ ಮಾಡಿದ್ರೆ ಡೆಲಿವರ್ಡ್ ಅಂತ ತೋರಿಸ್ತದೆ ಸಾರ್ ಅಂತ ಉತ್ತರ. ಈಗ ಮಂಗಳೂರಿನ ಆಫೀಸ್ ಅಡ್ರೆಸ್ಸಿಗೆ ತರಿಸಿ ಬಸ್ಸಲ್ಲಿ ಮಡಿಲಲ್ಲಿ ಇಟ್ಟು ತರ್ತೇನೆ, ಗಡಿ ದಾಟುವಾಗ ಏನೋ ಕಳ್ಳಸಾಗಾಟ ಮಾಡಿದ ಹಾಗೆ ಆಗ್ತದೆ.

ಗಮ್ಮತ್ತಿಗೆ ಹತ್ತಕ್ಕೆ ಹತ್ತು ಕೊಟ್ರೂ ಜೀಪಿನಲ್ಲಿ ದೂರು ಇಲ್ಲ ಅಂತಲ್ಲ. ಟಾಮಿಯಾದ ಡಿಕಾಲ್ ದಪ್ಪ, ಸ್ಟಿಕ್ಕರಿನ ಹಾಗೆ ಎದ್ದು ಕಾಣ್ತದೆ, ನಂಗೆ ಅಮೆರಿಕದ ನಕ್ಷತ್ರ ಬೇಡವಾದ್ದರಿಂದ ಬಚಾವು. ಇದ್ದ ಹಾಗೆ ಕಟ್ಟುವವರು ಡಿಕಾಲ್ ಮೆತ್ತಗೆ ಮಾಡುವ ದ್ರಾವಣ ಒಂದು ತಗೊಳ್ಳಿ. ಎಂಟನೇ ಕ್ಲಾಸಿನ ಹುಡುಗನಿಗೆ ಅಂತೂ ಕಣ್ಣು ಮುಚ್ಚಿ ಇದನ್ನೇ ಕೊಡಿ, ಜೊತೆಗೆ ಒಂದು ಸೈಡ್ ಕಟ್ಟರ್, ಹಾರ್ಡ್‌ವೇರ್ ಅಂಗಡಿಯ 400, 800 ನಂಬ್ರದ ವಾಟರ್‌ಪೇಪರ್, ಆ ಹಸಿರು ಮುಚ್ಚಳದ ಬಾಟಲಿ, ಕಿಟಕಿ ತೆರೆದಿಟ್ಟು ಕಟ್ಲಿಕ್ಕೆ ಹೇಳಿ. ಮಿಗ್ಗು ಅವನು ಇಂಜಿನಿಯರಿಂಗ್ ಮುಗಿಸಿದ ಮೇಲೆ ನೋಡುವ.

ಜೀಪು ಮುಗಿದದ್ದು ಕಳೆದ ವಿಷುವಿಗೆ. ಒಂದು ಅಡಿಕೆ ಹಾಳೆಯ ತುಂಡಿನ ಮೇಲೆ ಇಟ್ಟು ಮಾವನ ಮನೆಗೆ ತಗೊಂಡು ಹೋದೆ. ಮಾವನಿಗೆ ಈಗ ಎಪ್ಪತ್ತಾರು, ಕಣ್ಣಿನ ಆಪರೇಷನ್ ಆಗಿದೆ. ಕನ್ನಡಕ ಹಾಕಿದ್ರು, ಟಾರ್ಚು ತರಿಸಿದ್ರು, ಜೀಪನ್ನು ಮುಖದ ಹತ್ತಿರ ಹಿಡಿದು ಸುತ್ತಲೂ ನೋಡಿದ್ರು, ಟರ್ಪಾಲಿನ ಜೋಲು ನೋಡಿ ನಕ್ಕರು, ಚಕ್ರದ ಮಣ್ಣನ್ನು ಉಗುರಲ್ಲಿ ಕೆರೆದು ನೋಡಿದ್ರು. ಮತ್ತೆ ಟಾರ್ಚನ್ನು ಒಳಗೆ ಬಿಟ್ಟು ಸುಮಾರು ಹೊತ್ತು ಮಾತಿಲ್ಲ. ನಂಗೆ ಎದೆ ತುಂಬಿ ಬಂತು, ಹಳೇದೆಲ್ಲ ನೆನಪಾಯ್ತು ಕಾಣ್ತದೆ ಅಂತ.

"ಅಲ್ಲ ಮಾರಾಯಾ," ಅಂದ್ರು, "ಸ್ಟೇರಿಂಗು ಈಚೆ, ಕ್ಲಚ್ಚು ಬ್ರೇಕು ಆಚೆ. ಇದನ್ನು ಬಿಡ್ಲಿಕ್ಕೆ ಇಬ್ಬರು ಡ್ರೈವರ್ ಬೇಕಲ್ಲ?"